ಒಂದು ನಾಳದ ಹಲವು ರೂಪಗಳು: ಕಶೇರುಕಗಳ ಪಚನಾಂಗದ ಉಗಮ ಮತ್ತು ವಿಕಾಸ



ಶಾಸ್ತ್ರವಿಚಾರಗಳನ್ನು ಪಂಡಿತರೂ ಜನಸಾಮಾನ್ಯರೂ ಒಂದೆಡೆ ಕುಳಿತು ಆಲೋಚಿಸುವುದಕ್ಕೆ ಆಸ್ಪದವಾಗಲೆಂಬ ಸದುದ್ದೇಶದಿಂದ ಹಿರಿಯರು ಇರಿಸಿರುವ ಈ ದತ್ತಿಯ ಉಪನ್ಯಾಸಕ್ಕೆ ನನ್ನನ್ನು ಬರಮಾಡಿಕೊಂಡುದಕ್ಕಾಗಿ ವ್ಯವಸ್ಥಾಪಕರಿಗೆ ನನ್ನ ಕೃತಜ್ಞತೆಯನ್ನು ಸಲ್ಲಿಸುತ್ತೇನೆ. ಪ್ರಾಣಿಶಾಸ್ತ್ರದ ಅಧ್ಯಾಪನದಲ್ಲಿ ಬಾಳಿನ ಬಹುಭಾಗವನ್ನು ಕಳೆದವನಾದ ನಾನು ಇಂದಿನ ವಿಷಯವಾಗಿ ಬೆನ್ನೆಲುಬುಳ್ಳ ಪ್ರಾಣಿಗಳ, ಎಂದರೆ ಕಶೇರುಕಗಳ, ಪಚನನಾಳವನ್ನು ಆರಿಸಿಕೊಂಡಿದ್ದೇನೆ. ಹೃದಯ, ಮಿದುಳು, ಕಣ್ಣುಗಳಿಗೆ ಸಲ್ಲುವ ಗೌರವವು ಕರುಳಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಆದರೆ ಜೀವಿಯು ತನ್ನ ಸುತ್ತಣ ಜಗತ್ತನ್ನು ತನ್ನದೇ ದೇಹವಾಗಿ ಮಾರ್ಪಡಿಸಿಕೊಳ್ಳುವುದು ಈ ಅಂಗದ ಮೂಲಕವೇ ಆದುದರಿಂದ, ಒಂದು ಪ್ರಾಣಿಯ ಪೂರ್ವೇತಿಹಾಸವನ್ನೂ ವರ್ತಮಾನದ ಬಾಳುವೆಯನ್ನೂ ಒಟ್ಟಿಗೆ ಓದಬಯಸುವವನಿಗೆ ಇದಕ್ಕಿಂತ ತೆರೆದ ಗ್ರಂಥವು ಮತ್ತೊಂದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಈ ವಿಷಯಕ್ಕೆ ಬೇಕಾದ ನಿದರ್ಶನಗಳನ್ನು ಅರಸಿಕೊಂಡು ನಾವು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಮಡುಗಳಲ್ಲಿ, ಹಾವೇರಿಯ ಹೆಗ್ಗೇರಿಯಂತಹ ಕೆರೆಗಳಲ್ಲಿ ಮೀನುಗಳಿವೆ. ಮುಂಗಾರಿನ ಹೊಂಡಗಳಲ್ಲಿ ಗೊದಮೊಟ್ಟೆಗಳಿವೆ. ಬಂಕಾಪುರದ ಕೋಟೆಯಲ್ಲಿ ನವಿಲುಗಳಿವೆ. ದೀಪಾವಳಿಯಾದ ಮೇಲೆ ಊರೂರಿನ ಹೋರಿ ಹಬ್ಬದಲ್ಲಿ ಕೊಬ್ಬರಿಯ ಹಾರ ತೊಟ್ಟು ಓಡುವ ಹೋರಿಗಳಿವೆ. ದೇವಸ್ಥಾನಗಳ ಅಂಗಳದಲ್ಲಿ ಮುಸಿಯಗಳಿವೆ. ರಾಣೆಬೆನ್ನೂರಿನ ಬಯಲಿನಲ್ಲಿ, 1974ರಲ್ಲಿ ಘೋಷಿತವಾದ 119 ಚದರ ಕಿಲೋಮೀಟರುಗಳ ಅಭಯಾರಣ್ಯದಲ್ಲಿ, ನಮ್ಮ ಜನ ಚಿಗರಿಯೆಂದು ಕರೆಯುವ ಕೃಷ್ಣಮೃಗಗಳಿವೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕೆಂಪಗೆ ಹರಡಿದ ಮೆಣಸಿನಕಾಯಿಯಿದೆ. ಇವಿಷ್ಟರಿಂದಲೇ ಕಶೇರುಕಗಳ ಪಚನಾಂಗದ ಕಥೆಯನ್ನು ಹೇಳಿ ಮುಗಿಸಬಹುದು.

ನಾನು ಪ್ರತಿಪಾದಿಸಲಿರುವ ಮಾತು ಒಂದೇ. ಈ ಪ್ರಾಣಿಗಳೆಲ್ಲದರ ಪಚನಾಂಗವೂ ಭ್ರೂಣಾವಸ್ಥೆಯಲ್ಲಿ ಒಂದೇ ಬಗೆಯ ಸರಳ ನಾಳವಾಗಿ ಮೊದಲಾಗುತ್ತದೆ. ಭೇದವು ಆ ನಾಳದ ಮೂಲಯೋಜನೆಯಲ್ಲಿಲ್ಲ, ಯಾವ ಭಾಗವು ಯಾವಾಗ ಎಷ್ಟು ಬೆಳೆಯಿತೆಂಬ ಪ್ರಮಾಣದಲ್ಲಿದೆ. ವಿಕಾಸವೆಂಬುದು ಕೋಟ್ಯಂತರ ವರ್ಷಗಳಲ್ಲಿ ತಿದ್ದುತ್ತ ಬಂದಿರುವುದು ಬಹುಮಟ್ಟಿಗೆ ಈ ಪ್ರಮಾಣವನ್ನೇ. ಇದನ್ನು ನಾಲ್ಕು ಭಾಗಗಳಲ್ಲಿ ನಿರೂಪಿಸುತ್ತೇನೆ: ಮೊದಲನೆಯದು ಭ್ರೂಣದಲ್ಲಿ ನಾಳದ ಉಗಮ, ಎರಡನೆಯದು ಜಲಚರಗಳಲ್ಲಿ ಅದು ಪಡೆದ ಮಾರ್ಪಾಡು, ಮೂರನೆಯದು ಪಕ್ಷಿಗಳ ವಿಶೇಷ, ನಾಲ್ಕನೆಯದು ಮೆಲುಕು ಹಾಕುವ ಪ್ರಾಣಿಗಳ ಜಠರ.

ಮೊದಲಿಗೆ ಉಗಮದ ವಿಷಯ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ, ಜೀವಿಯ ಅವಯವಗಳೆಲ್ಲವೂ ಅತಿಸೂಕ್ಷ್ಮರೂಪದಲ್ಲಿ ಮೊದಲೇ ಸಿದ್ಧವಾಗಿರುತ್ತವೆ, ಗರ್ಭದಲ್ಲಿ ನಡೆಯುವುದು ಅವುಗಳ ಹಿಗ್ಗುವಿಕೆ ಮಾತ್ರ ಎಂಬ ಮತವು ಪ್ರಬಲವಾಗಿತ್ತು. ಈ ಮತವನ್ನು ಪ್ರತ್ಯಕ್ಷಪ್ರಮಾಣದಿಂದ ಅಲುಗಾಡಿಸಿದವನು ಕಾಸ್ಪರ್ ಫ್ರೀಡ್ರಿಶ್ ವೋಲ್ಫ್. ಅದಕ್ಕೆ ಅವನು ಆರಿಸಿಕೊಂಡ ಅಂಗವು ಹೃದಯವಲ್ಲ, ಮಿದುಳಲ್ಲ, ಕೋಳಿಮರಿಯ ಕರುಳು. ಕಾವು ಕೊಟ್ಟ ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ನೋಡುತ್ತ, ಆರಂಭದಲ್ಲಿ ಕರುಳೆಂಬ ನಾಳವೇ ಅಲ್ಲಿಲ್ಲವೆಂಬುದನ್ನೂ, ಹಾಳೆಯಂತೆ ಚಪ್ಪಟೆಯಾದ ಒಂದು ಪದರವು ಮಡಿಚಿಕೊಂಡು ಅಂಚುಗಳು ಕೂಡಿ ನಾಳವಾಗುವುದೆಂಬುದನ್ನೂ ಅವನು 1768–69ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಮೂಲಕ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ಬಹುಕಾಲ ಹೆಚ್ಚು ಜನರ ಗಮನಕ್ಕೆ ಬಾರದಿದ್ದ ಆ ಪ್ರಬಂಧವನ್ನು 1812ರಲ್ಲಿ ಯೋಹಾನ್ ಫ್ರೀಡ್ರಿಶ್ ಮೆಕೆಲ್ ಜರ್ಮನ್ ಭಾಷೆಗೆ ತಂದ ಮೇಲೆ, 1817ರಲ್ಲಿ ಕ್ರಿಶ್ಚಿಯನ್ ಪಾಂಡರನು ಕೋಳಿಯ ಭ್ರೂಣದಲ್ಲಿ ಮೂರು ಮೂಲಪದರಗಳನ್ನು ಗುರುತಿಸಿದನು. 1828ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರನು ಆ ಮಾತನ್ನು ಕಶೇರುಕಗಳೆಲ್ಲಕ್ಕೂ ವಿಸ್ತರಿಸಿದನು. ನವೀನ ಭ್ರೂಣಶಾಸ್ತ್ರದ ಅಸ್ತಿಭಾರದಲ್ಲಿ ಕರುಳಿನ ಕಥೆಯಿದೆಯೆಂಬುದನ್ನು ನಾವು ಮರೆಯಬಾರದು.

ಆ ಮೂರು ಪದರಗಳಲ್ಲಿ ಹೊರಪದರವು ಚರ್ಮ ಮತ್ತು ನರಮಂಡಲವನ್ನೂ, ನಡುಪದರವು ಮಾಂಸಖಂಡ, ಎಲುಬು, ರಕ್ತಗಳನ್ನೂ, ಒಳಪದರವು ಪಚನನಾಳದ ಒಳಮೈಯನ್ನೂ ನಿರ್ಮಿಸುತ್ತವೆ. 21 ದಿನಗಳ ಕಾವಿನಲ್ಲಿ ಹೊರಬರುವ ಕೋಳಿಮರಿಯನ್ನೇ ತೆಗೆದುಕೊಳ್ಳೋಣ. ಮೊದಲನೆಯ ದಿನ ಕಳೆಯುವಷ್ಟರಲ್ಲಿ ತಲೆಯ ಕಡೆಯಿಂದ ಒಂದು ಮಡಿಕೆ ಏಳುತ್ತದೆ, ಅದರೊಡನೆ ಮುಂಗರುಳು ರೂಪುಗೊಳ್ಳುತ್ತದೆ. ಆಮೇಲೆ ಬಾಲದ ಕಡೆಯ ಮಡಿಕೆಯಿಂದ ಹಿಂಗರುಳು ಉಂಟಾಗುತ್ತದೆ. ಇವೆರಡರ ನಡುವಣ ಭಾಗವು ಭಂಡಾರದ, ಎಂದರೆ ಮೊಟ್ಟೆಯ ಹಳದಿಯ, ಮೇಲೆ ತೆರೆದುಕೊಂಡೇ ಇದ್ದು ಕ್ರಮೇಣ ಕಿರಿದಾಗುತ್ತ ನಡುಗರುಳಾಗುತ್ತದೆ. ನಾಳದ ಎರಡು ತುದಿಗಳೂ ಮೊದಲು ಮುಚ್ಚಿಯೇ ಇರುತ್ತವೆ. ಹೊರಪದರವು ಒಳಕ್ಕೆ ತಗ್ಗಾಗಿ ಅವುಗಳನ್ನು ಮುಟ್ಟಿದ ಮೇಲೆ ತೆಳುವಾದ ಪೊರೆ ಹರಿದು ಒಂದೆಡೆ ಬಾಯಿಯೂ ಮತ್ತೊಂದೆಡೆ ಗುದವೂ ತೆರೆಯುತ್ತವೆ. ಮರಿಯು ಚಿಪ್ಪೊಡೆಯುವ ಮೊದಲು ಉಳಿದ ಭಂಡಾರವು ಹೊಟ್ಟೆಯೊಳಕ್ಕೆ ಸೆಳೆಯಲ್ಪಡುವುದರಿಂದಲೇ, ಹುಟ್ಟಿದ ಮೊದಲ ಒಂದೆರಡು ದಿನ ಅದು ತಿನ್ನದೆಯೂ ಬದುಕಬಲ್ಲದು. ಕೋಳಿಮರಿಗಳನ್ನು ದೂರದ ಊರುಗಳಿಗೆ ಸಾಗಿಸಲು ಸಾಧ್ಯವಾಗಿರುವುದು ಈ ಕಾರಣದಿಂದ. ನಮ್ಮಲ್ಲಿಯೂ ನಡುಗರುಳನ್ನು ಭಂಡಾರಚೀಲಕ್ಕೆ ಸೇರಿಸುವ ಕಿರುನಾಳವೊಂದು ಭ್ರೂಣದಲ್ಲಿದ್ದು ಮುಂದೆ ಅಳಿದುಹೋಗುತ್ತದೆ. ನೂರು ಜನರಲ್ಲಿ ಸುಮಾರು ಇಬ್ಬರಲ್ಲಿ ಅದರ ಶೇಷವು ಸಣ್ಣ ಕರುಳಿನ ಮೇಲೆ ಒಂದು ಕಿರುಚೀಲವಾಗಿ ಉಳಿಯುತ್ತದೆ; ವೋಲ್ಫನ ಪ್ರಬಂಧವನ್ನು ಭಾಷಾಂತರಿಸಿದ ಮೆಕೆಲನ ಹೆಸರನ್ನೇ ವೈದ್ಯರು ಅದಕ್ಕೆ ಇಟ್ಟಿದ್ದಾರೆ.

ಈ ನಾಳವು ಬರಿಯ ಕೊಳವೆಯಾಗಿ ಉಳಿಯುವುದಿಲ್ಲ. ಮುಂಗರುಳಿನಿಂದ ಮೊಗ್ಗುಗಳಂತೆ ಹೊರಚಿಮ್ಮಿ ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿಗಳು ಬೆಳೆಯುತ್ತವೆ. ಗಂಟಲಿನ ತಳದಿಂದ ಥೈರಾಯ್ಡ್ ಗ್ರಂಥಿಯು ಇಳಿದುಬರುತ್ತದೆ. ನಾವು ಉಸಿರಾಡುವ ಶ್ವಾಸಕೋಶಗಳೂ ಮೂಲತಃ ಮುಂಗರುಳಿನ ಕವಲುಗಳೇ ಆಗಿವೆ. ಯಾವ ತುಂಡು ಜಠರವಾಗಬೇಕು, ಯಾವುದು ಸಣ್ಣ ಕರುಳಾಗಬೇಕು ಎಂಬುದನ್ನು ಒಳಪದರವೊಂದೇ ನಿರ್ಧರಿಸುವುದೂ ಇಲ್ಲ. ಒಳಪದರವು ಸುತ್ತಣ ನಡುಪದರಕ್ಕೆ ರಾಸಾಯನಿಕ ಸಂಜ್ಞೆಗಳನ್ನು ಕಳುಹಿಸುತ್ತದೆ, ನಡುಪದರವು ಅದಕ್ಕೆ ಪ್ರತ್ಯುತ್ತರವೀಯುತ್ತದೆ. ಹಿಂಗರುಳಿಗೆ ಸೇರಿದ ಒಂದು ವಂಶವಾಹಿಯನ್ನು ಕೋಳಿಯ ನಡುಗರುಳಿನ ನಡುಪದರದಲ್ಲಿ ಕೆಲಸಮಾಡುವಂತೆ ಮಾಡಿದಾಗ, ಅದನ್ನು ಮುಟ್ಟಿಕೊಂಡಿದ್ದ ಒಳಪದರವೂ ಹಿಂಗರುಳಿನ ಲಕ್ಷಣಗಳನ್ನು ತಾಳಿತೆಂಬುದನ್ನು 1998ರ ಪ್ರಯೋಗವು ತೋರಿಸಿತು. ಇನ್ನು ಕರುಳು ಚಲಿಸುವಂತೆ ಮಾಡುವ ಕೋಟಿಗಟ್ಟಲೆ ನರಕೋಶಗಳಾದರೋ ಅಲ್ಲಿ ಹುಟ್ಟಿದವೇ ಅಲ್ಲ. ಫ್ರಾನ್ಸಿನ ನಿಕೋಲ್ ಲ ದುವಾರೆಂ ಅವರು ಬುರ್ಲಿಹಕ್ಕಿಯ ಜಾತಿಗೆ ಸೇರಿದ ಕ್ವೇಲ್ ಹಕ್ಕಿಯ ಜೀವಕೋಶಗಳನ್ನು ಕೋಳಿಯ ಭ್ರೂಣದಲ್ಲಿ ನೆಟ್ಟು, ಕತ್ತಿನ ಭಾಗದ ನರಮೂಲದಿಂದ ಹೊರಟ ಕೋಶಗಳು ಕರುಳಿನ ಉದ್ದಕ್ಕೂ ಪಯಣಿಸಿ ನೆಲೆಸುವುದನ್ನು 1973ರಲ್ಲಿ ನಿರೂಪಿಸಿದರು. ಈ ಪಯಣವು ಕೊನೆಮುಟ್ಟದಿದ್ದರೆ ದೊಡ್ಡ ಕರುಳಿನ ಅಂತ್ಯಭಾಗವು ನರಗಳಿಲ್ಲದೆ ಬಿಗಿದುಕೊಳ್ಳುತ್ತದೆ. ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಬರುವ, ಹಿರ್ಷ್‌ಸ್ಪ್ರುಂಗ್ ವ್ಯಾಧಿಯೆಂಬ ಈ ದೋಷವನ್ನು ಇಂದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾಗಿದೆ.

ಕರುಳಿನ ಸುತ್ತುಗಳು ಹೇಗೆ ಬಂದವೆಂಬ ಪ್ರಶ್ನೆಗೆ ಉತ್ತರವು ಮತ್ತೂ ಇತ್ತೀಚಿನದು. ಮನುಷ್ಯಭ್ರೂಣದಲ್ಲಿ ಆರನೆಯ ವಾರದ ಹೊತ್ತಿಗೆ ನಡುಗರುಳು ಉದರದಲ್ಲಿ ಹಿಡಿಸಲಾರದಷ್ಟು ಬೆಳೆದು ಹೊಕ್ಕುಳ ಬಳ್ಳಿಯೊಳಕ್ಕೆ ಚಾಚಿಕೊಳ್ಳುತ್ತದೆ, ಹತ್ತನೆಯ ವಾರದ ಸುಮಾರಿಗೆ ಹಿಂದಿರುಗುತ್ತದೆ, ಈ ನಡುವೆ ಒಟ್ಟು 270 ಡಿಗ್ರಿಗಳಷ್ಟು ತಿರುಗಿರುತ್ತದೆ. ಆದರೆ ಒಂದೊಂದು ಜಾತಿಯ ಪ್ರಾಣಿಯಲ್ಲಿ ಸುತ್ತುಗಳ ಸಂಖ್ಯೆಯೂ ವಿನ್ಯಾಸವೂ ನಿಯತವಾಗಿರುವುದೇಕೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಲಿಫರ್ಡ್ ಟ್ಯಾಬಿನ್ ಮತ್ತು ಎಲ್. ಮಹಾದೇವನ್ ಅವರ ತಂಡವು 2011ರಲ್ಲಿ ಕೊಟ್ಟ ಉತ್ತರವು ತನ್ನ ಸರಳತೆಯಿಂದಲೇ ಮನಸ್ಸನ್ನು ಸೆರೆಹಿಡಿಯುವಂತಹುದು. ಕರುಳು ಬೆನ್ನಿನ ಗೋಡೆಗೆ ಒಂದು ತೆಳುಪೊರೆಯಿಂದ ಅಂಟಿಕೊಂಡಿರುತ್ತದೆ. ಪೊರೆಯು ನಿಧಾನವಾಗಿಯೂ ಕರುಳು ವೇಗವಾಗಿಯೂ ಬೆಳೆಯುತ್ತವೆ. ಉದ್ದ ಬಟ್ಟೆಯನ್ನು ಗಿಡ್ಡ ಪಟ್ಟಿಗೆ ಸೇರಿಸಿ ಹೊಲಿದಾಗ ನಿರಿಗೆಗಳು ತಾವಾಗಿಯೇ ಬೀಳುವಂತೆ, ಹೆಚ್ಚಾದ ಉದ್ದವು ಸುತ್ತುಗಳಾಗಿ ಮಡಿಚಿಕೊಳ್ಳುತ್ತದೆ. ಪೊರೆಯನ್ನು ಬಿಡಿಸಿಬಿಟ್ಟರೆ ಕರುಳು ನೇರವಾಗುತ್ತದೆ. ಹಿಗ್ಗಿಸಿದ ರಬ್ಬರಿನ ಹಾಳೆಗೆ ರಬ್ಬರಿನ ಕೊಳವೆಯನ್ನು ಹೊಲಿದು ಅವರು ಅದೇ ವಿನ್ಯಾಸವನ್ನು ಮೇಜಿನ ಮೇಲೆ ಮೂಡಿಸಿದರು. ಎರಡು ವರ್ಷಗಳ ತರುವಾಯ ಆಮಿ ಶಾಯರ್ ಮತ್ತು ಸಂಗಡಿಗರು, ಕರುಳಿನ ಒಳಮೈಯ ಸೂಕ್ಷ್ಮಾಂಕುರಗಳು ಕೂಡ ಸ್ನಾಯುಪದರಗಳ ಒತ್ತಡದಿಂದ ಒಳಪದರವು ಮೊದಲು ಉದ್ದನೆಯ ಏಣುಗಳಾಗಿ, ಬಳಿಕ ಅಂಕುಡೊಂಕಾಗಿ, ಕಡೆಗೆ ಬಿಡಿಬಿಡಿಯಾದ ಬೆರಳುಗಳಾಗಿ ಮಡಿಚಿಕೊಂಡುದರ ಫಲವೆಂದು ಕೋಳಿಯಲ್ಲಿ ತೋರಿಸಿಕೊಟ್ಟರು. ಬೆಳವಣಿಗೆಯ ಪ್ರಮಾಣವೇ ರೂಪವನ್ನು ನಿರ್ಣಯಿಸುತ್ತದೆಂದು ನಾನು ಆರಂಭದಲ್ಲಿ ಆಡಿದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಇಲ್ಲಿಂದ ನಾವು ಎರಡನೆಯ ಭಾಗಕ್ಕೆ ಸಾಗುವ ಮುನ್ನ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಿಕೊಳ್ಳುವುದು ಒಳಿತು. ಭ್ರೂಣಗಳ ಸಾದೃಶ್ಯವನ್ನು ಕಂಡ ಅರ್ನ್ಸ್ಟ್ ಹೆಕೆಲನು 1866ರಲ್ಲಿ, ಪ್ರತಿಯೊಂದು ಜೀವಿಯೂ ಗರ್ಭದಲ್ಲಿ ತನ್ನ ಪೂರ್ವಜರ ರೂಪಗಳನ್ನು ಸಾಲಾಗಿ ಪುನರಾವರ್ತಿಸುತ್ತದೆಂದು ಸಾರಿದನು. ಅದು ಸರಿಯಲ್ಲ, ಮನುಷ್ಯಭ್ರೂಣವು ಯಾವ ಗಳಿಗೆಯಲ್ಲಿಯೂ ಮೀನಾಗಿರುವುದಿಲ್ಲ. ಫಾನ್ ಬೇಯರನು ಮೊದಲೇ ಕಂಡುಕೊಂಡಿದ್ದಂತೆ, ಸಾಮಾನ್ಯ ಲಕ್ಷಣಗಳು ಮೊದಲು ಮೂಡುತ್ತವೆ, ವಿಶೇಷ ಲಕ್ಷಣಗಳು ಆಮೇಲೆ ಕವಲೊಡೆಯುತ್ತವೆ. ಮೀನಿನ ಭ್ರೂಣವೂ ನಮ್ಮ ಭ್ರೂಣವೂ ಒಂದೇ ನಾಳದಿಂದ ಹೊರಟು ಬೇರೆ ಬೇರೆ ದಾರಿಗಳನ್ನು ಹಿಡಿಯುತ್ತವೆ.

ಆ ದಾರಿಗಳ ಮೊದಲ ಹೆಜ್ಜೆಗಳು ನೀರಿನಲ್ಲಿವೆ. ಸಮುದ್ರದ ಮರಳಿನಲ್ಲಿ ಹುದುಗಿ ಬಾಳುವ, ಬೆನ್ನೆಲುಬಿಲ್ಲದಿದ್ದರೂ ಕಶೇರುಕಗಳಿಗೆ ಸಮೀಪಬಂಧುವಾದ ಆಂಫಿಯಾಕ್ಸಸ್ ಎಂಬ ಕಿರುಪ್ರಾಣಿಯ ಕರುಳು ಬಾಯಿಂದ ಗುದದವರೆಗೆ ಬಹುಮಟ್ಟಿಗೆ ನೇರವಾದ ನಾಳ; ಅದಕ್ಕೆ ಜಠರವಿಲ್ಲ, ದವಡೆಯಿಲ್ಲ. ಗಂಟಲಿನ ಸೀಳುಗಳ ಮೂಲಕ ನೀರನ್ನು ಸೋಸಿ ಅದರಲ್ಲಿನ ಕಣಗಳನ್ನು ಲೋಳೆಯಲ್ಲಿ ಹಿಡಿದು ನುಂಗುವುದೇ ಅದರ ಆಹಾರಕ್ರಮ. ಲೋಳೆಯನ್ನು ಸ್ರವಿಸುವ ಗಂಟಲ ತಳದ ತೋಡು ಅಯೋಡಿನನ್ನು ಹೀರಿ ಹಿಡಿಯುವ ಶಕ್ತಿಯನ್ನೂ ಪಡೆದಿದೆ. ದವಡೆಯಿಲ್ಲದ ಲ್ಯಾಂಪ್ರಿ ಮೀನಿನ ಮರಿಯಲ್ಲಿಯೂ ಅಂತಹ ತೋಡಿದ್ದು, ಮರಿಯು ರೂಪಾಂತರ ಹೊಂದುವಾಗ ಅದೇ ಥೈರಾಯ್ಡ್ ಗ್ರಂಥಿಯಾಗಿ ಮಾರ್ಪಡುತ್ತದೆ. ನಮ್ಮ ಕೊರಳಿನ ಥೈರಾಯ್ಡ್ ಗ್ರಂಥಿಯು ಒಂದು ಕಾಲಕ್ಕೆ ಆಹಾರವನ್ನು ಸೋಸುವ ಉಪಕರಣದ ಭಾಗವಾಗಿತ್ತೆಂದು ತಿಳಿಯಲು ಬೇರೆ ಸಾಕ್ಷ್ಯವೇಕೆ?

ದವಡೆಗಳು ಬಂದ ಮೇಲೆ ಕಣಗಳನ್ನು ಸೋಸುತ್ತಿದ್ದ ಪ್ರಾಣಿಯು ದೊಡ್ಡ ತುತ್ತುಗಳನ್ನು ಹಿಡಿಯಬಲ್ಲದಾಯಿತು. ಆ ತುತ್ತುಗಳನ್ನು ಸಂಗ್ರಹಿಸಿ, ಆಮ್ಲದಲ್ಲಿ ನೆನೆಸಿ, ಪೆಪ್ಸಿನ್ ಎಂಬ ಕಿಣ್ವದಿಂದ ಒಡೆಯುವ ಜಠರವು ಸುಮಾರು 45 ಕೋಟಿ ವರ್ಷಗಳ ಹಿಂದೆ ದವಡೆಯುಳ್ಳ ಕಶೇರುಕಗಳಲ್ಲಿ ಮೂಡಿತು. ಒಮ್ಮೆ ಬಂದ ಅಂಗವು ಶಾಶ್ವತವಾಗಿ ಉಳಿಯುತ್ತದೆಂದು ಭಾವಿಸಬೇಕಾಗಿಲ್ಲ. ನಮ್ಮ ಕೆರೆಗಳಲ್ಲಿ ಬಿತ್ತನೆಮಾಡಿ ಸಾಕುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಿಗೆ ನಿಜವಾದ ಜಠರವೇ ಇಲ್ಲ. ಅನ್ನನಾಳವು ನೇರವಾಗಿ ಕರುಳನ್ನು ಸೇರುತ್ತದೆ. ಬಾಯಲ್ಲಿ ಹಲ್ಲಿಲ್ಲದ ಈ ಗೆಂಡೆಗಳು ಗಂಟಲಿನ ಹಲ್ಲುಗಳಿಂದ ಆಹಾರವನ್ನು ಅರೆದು, ಕರುಳಿನಲ್ಲಿ ನಿಧಾನವಾಗಿ ಜೀರ್ಣಿಸಿಕೊಳ್ಳುತ್ತವೆ; ಕೆಸರು ಪಾಚಿಗಳನ್ನೂ ಕೊಳೆತ ಸಸ್ಯವನ್ನೂ ತಿನ್ನುವ ರೋಹು, ಮೃಗಾಲ್‌ಗಳಲ್ಲಿ ಆ ಕರುಳು ದೇಹಕ್ಕಿಂತ ಹಲವು ಪಟ್ಟು ಉದ್ದವಾಗಿರುತ್ತದೆ. ನಮ್ಮ ಹೊಳೆಗಳಲ್ಲಿ ಇತರ ಮೀನುಗಳನ್ನು ನುಂಗಿ ಬದುಕುವ ಬಾಳೆ ಮೀನಿಗಾದರೋ ಹಿಗ್ಗುವ ಜಠರವೂ ಗಿಡ್ಡ ಕರುಳೂ ಇವೆ. ಜಠರವನ್ನು ತೊರೆದ ಹಲವು ಮೀನುಗಳಲ್ಲಿಯೂ, ಆಸ್ಟ್ರೇಲಿಯಾದ ಪ್ಲಾಟಿಪಸ್ ಎಂಬ ಸಸ್ತನಿಯಲ್ಲಿಯೂ, ಆಮ್ಲವನ್ನು ಸ್ರವಿಸುವ ಮತ್ತು ಪೆಪ್ಸಿನನ್ನು ತಯಾರಿಸುವ ವಂಶವಾಹಿಗಳು ನಷ್ಟವಾಗಿರುವುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನವು ಹೊರಗೆಡವಿದೆ. ವಿಕಾಸವು ಏರುಮೆಟ್ಟಿಲಲ್ಲ, ಬೇಡವಾದುದನ್ನು ಬಿಟ್ಟುಕೊಡುವುದೂ ಅದರ ನಡೆಗಳಲ್ಲಿ ಒಂದು.

ಈ ಮಾರ್ಪಾಡು ಒಂದೇ ಜೀವಿಯ ಆಯುಷ್ಯದಲ್ಲಿ ನಡೆಯುವುದನ್ನು ಕಾಣಬಯಸುವವರು ಮುಂಗಾರಿನ ಹೊಂಡಗಳ ಬಳಿಗೆ ಹೋಗಬೇಕು. ಬಹುಪಾಲು ಗೊದಮೊಟ್ಟೆಗಳು ಪಾಚಿಯನ್ನು ಕೆರೆದು ತಿನ್ನತಕ್ಕವು. ಗಡಿಯಾರದ ಸುರುಳಿಯಂತೆ ಸುತ್ತಿಕೊಂಡ ಅವುಗಳ ನೀಳವಾದ ಕರುಳು ಹೊಟ್ಟೆಯ ತೆಳುಚರ್ಮದ ಮೂಲಕ ಕಣ್ಣಿಗೆ ಕಾಣುತ್ತದೆ. ಕೆಲವೇ ವಾರಗಳಲ್ಲಿ ಗೊದಮೊಟ್ಟೆಯು ಹುಳುಹುಪ್ಪಟೆಗಳನ್ನು ಹಿಡಿಯುವ ಕಪ್ಪೆಯಾಗುವಾಗ ಕರುಳು ಕುಗ್ಗಿ, ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಅಭ್ಯಸಿಸಲ್ಪಟ್ಟಿರುವ ಆಫ್ರಿಕದ ಕಪ್ಪೆಯಲ್ಲಿ ಮೊದಲಿನ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಪರಿವರ್ತನೆಯ ಆಜ್ಞೆಯನ್ನು ಹೊರಡಿಸುವುದು ಥೈರಾಯ್ಡ್ ಗ್ರಂಥಿಯೆ. 1912ರಲ್ಲಿ ಗುಡರ್‌ನಾಟ್ಶ್ ಎಂಬ ವಿಜ್ಞಾನಿಯು ಗೊದಮೊಟ್ಟೆಗಳಿಗೆ ಥೈರಾಯ್ಡನ್ನು ತಿನ್ನಿಸಿ ಅವು ಅಕಾಲದಲ್ಲಿಯೇ ಕಪ್ಪೆಗಳಾಗುವುದನ್ನು ಕಂಡನು. ಗಂಟಲ ತಳದಿಂದ ಹುಟ್ಟಿದ ಗ್ರಂಥಿಯು ಕರುಳಿನ ಉದ್ದವನ್ನು ಆಳುವಂತಾಯಿತು. ನಾಳದ ಒಂದು ಭಾಗವು ಮತ್ತೊಂದು ಭಾಗದ ಬೆಳವಣಿಗೆಗೆ ಅಳತೆಗೋಲಾಯಿತು.

ನೀರನ್ನು ಬಿಟ್ಟು ಈಗ ಮೂರನೆಯ ಭಾಗಕ್ಕೆ, ಪಕ್ಷಿಗಳ ಕಡೆಗೆ ತಿರುಗೋಣ. ಹಾರುವ ಪ್ರಾಣಿಗೆ ಭಾರವಾದ ದವಡೆಯೂ ಹಲ್ಲುಗಳೂ ಹೊರೆ. ಇಂದಿನ ಹಕ್ಕಿಗಳು ಅವೆರಡನ್ನೂ ತೊರೆದು ಅಗಿಯುವ ಕಾರ್ಯವನ್ನು ಉದರಕ್ಕೆ ಒಪ್ಪಿಸಿವೆ. ಬಂಕಾಪುರದ ನವಿಲೂ ನಮ್ಮ ಹಿತ್ತಿಲ ಕೋಳಿಯೂ ಒಂದೇ ಕುಟುಂಬಕ್ಕೆ ಸೇರಿದವು. ಎರಡರಲ್ಲಿಯೂ ಕಾಳು ಮೊದಲು ಕೊರಳಿನ ಚೀಲದಲ್ಲಿ ನೆನೆದು, ಗ್ರಂಥಿಗಳುಳ್ಳ ಮುಂಜಠರದಲ್ಲಿ ರಸವನ್ನು ಕೂಡಿಕೊಂಡು, ದಪ್ಪ ಸ್ನಾಯುಗಳ ಹಿಂಜಠರದಲ್ಲಿ ಹಕ್ಕಿಯು ನುಂಗಿದ ಹರಳುಗಳ ನಡುವೆ ನುಣ್ಣಗೆ ಅರೆಯಲ್ಪಡುತ್ತದೆ. ಅರೆಯುವುದೂ ಜೀರ್ಣಿಸುವುದೂ ಬೇರೆ ಬೇರೆ ವ್ಯಾಪಾರಗಳೆಂಬುದನ್ನು ಪ್ರಯೋಗದಿಂದ ತಿಳಿಸಿಕೊಟ್ಟ ಕೀರ್ತಿ ಫ್ರಾನ್ಸಿನ ರಿಯೋಮುರನದು. 1752ರಲ್ಲಿ ಅವನು ಲೋಹದ ಸಣ್ಣ ಕೊಳವೆಗಳಲ್ಲಿ ಮಾಂಸವನ್ನಿರಿಸಿ ಸಾಕಿದ ಹದ್ದಿಗೆ ನುಂಗಿಸಿದನು. ಹದ್ದು ಉಗುಳಿದ ಕೊಳವೆಗಳು ಜಜ್ಜಿಹೋಗಿರಲಿಲ್ಲ, ಒಳಗಿನ ಮಾಂಸ ಮಾತ್ರ ಕರಗಿತ್ತು. ಜೀರ್ಣಕ್ರಿಯೆಯು ರಸಾಯನವೆಂಬುದಕ್ಕೆ ಅದು ಮೊದಲ ಪ್ರಬಲ ಪ್ರಮಾಣಗಳಲ್ಲಿ ಒಂದಾಯಿತು.

ಬ್ಯಾಡಗಿಯ ಮೆಣಸಿನಕಾಯಿಯನ್ನು ನಾನು ಈ ಸಂದರ್ಭದಲ್ಲಿ ಸ್ಮರಿಸುವುದು ಅಲಂಕಾರಕ್ಕಾಗಿಯಲ್ಲ. ಮೆಣಸಿನಕಾಯಿಯ ತವರು ದಕ್ಷಿಣ ಅಮೆರಿಕ. ಪೋರ್ತುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಅದು ನಮ್ಮ ದೇಶಕ್ಕೆ ಬಂದಿತು. ಅದರ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಬೀಜಗಳು ಅಂಟಿಕೊಂಡಿರುವ ಒಳತಿರುಳಿನಲ್ಲಿ ಹೆಚ್ಚಾಗಿರುತ್ತದೆ. ಸಸ್ತನಿಗಳ ನರಗಳಲ್ಲಿ ಉರಿಯನ್ನು ಅರಿಯುವ ಗ್ರಾಹಕಕ್ಕೆ ಈ ದ್ರವ್ಯವು ತಗುಲುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ತಂಡದ ನಾಯಕರಾದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಪಕ್ಷಿಗಳಲ್ಲಿಯೂ ಗ್ರಾಹಕವುಂಟು, ಆದರೆ ಅದರ ರಚನೆಯಲ್ಲಿನ ಅಲ್ಪ ವ್ಯತ್ಯಾಸದಿಂದ ಅದಕ್ಕೆ ಕ್ಯಾಪ್ಸೈಸಿನ್ ಸೋಂಕುವುದಿಲ್ಲವೆಂದು 2002ರಲ್ಲಿ ಅವರದೇ ಪ್ರಯೋಗಶಾಲೆಯು ಕೋಳಿಯಲ್ಲಿ ತೋರಿಸಿತು. ಇದರ ಹಿಂದಿನ ವರ್ಷ ಟ್ಯೂಕ್ಸ್‌ಬರಿ ಮತ್ತು ನಾಭಾನ್ ಎಂಬವರು ಅರಿಜೋನದ ಕಾಡುಮೆಣಸಿನಕಾಯಿಯನ್ನು ಪರೀಕ್ಷಿಸಿ, ಹಕ್ಕಿಯ ಕರುಳನ್ನು ದಾಟಿದ ಬೀಜಗಳು ಮೊಳೆಯುತ್ತವೆ, ಇಲಿಯ ಜಾತಿಯ ಪ್ರಾಣಿಗಳ ಹಲ್ಲು ಮತ್ತು ಕರುಳುಗಳನ್ನು ದಾಟಿದವು ಮೊಳೆಯುವುದಿಲ್ಲವೆಂದು ವರದಿಮಾಡಿದ್ದರು. ಅಂದಮೇಲೆ ಖಾರವೆಂಬುದು ಬೀಜವನ್ನು ಹಾಳುಗೆಡಹುವ ಕರುಳನ್ನು ದೂರವಿಟ್ಟು, ಬೀಜವನ್ನು ಕಾಪಾಡಿ ಹರಡುವ ಕರುಳನ್ನು ಬರಮಾಡಿಕೊಳ್ಳುವ ಉಪಾಯವಾಗಿದೆ. ಒಂದು ಸಸ್ಯದ ಗುಣವನ್ನು ಪ್ರಾಣಿಗಳ ಪಚನಾಂಗವು ರೂಪಿಸಿದೆ. ಡಬ್ಬಿ, ಕಡ್ಡಿ ಎಂಬ ಬಗೆಗಳುಳ್ಳ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿಯ ಕಾಯಿಯು ಬಣ್ಣಕ್ಕೆ ಹೆಸರಾಗಿ ಖಾರದಲ್ಲಿ ಮಿತವಾಗಿರುವುದೇಕೆಂಬುದನ್ನೂ ಇದರಿಂದ ಊಹಿಸಬಹುದು. ಬೀಜವನ್ನು ಹರಡುವ ಹೊಣೆಯನ್ನು ಹಕ್ಕಿಯಿಂದ ರೈತನು ವಹಿಸಿಕೊಂಡ ಮೇಲೆ, ಗಿಡಕ್ಕೆ ಆ ರಕ್ಷಣೆಯು ಅನಿವಾರ್ಯವಾಗಿ ಉಳಿಯಲಿಲ್ಲ.

ಈಗ ನಾಲ್ಕನೆಯ ಮತ್ತು ಕೊನೆಯ ಭಾಗ. ಹುಲ್ಲಿನ ಸಾರವಾದ ಸೆಲ್ಯುಲೋಸನ್ನು ಒಡೆಯಬಲ್ಲ ಕಿಣ್ವವನ್ನು ಯಾವ ಕಶೇರುಕವೂ ತಾನಾಗಿ ತಯಾರಿಸಲಾರದು. ಅದನ್ನು ಸೂಕ್ಷ್ಮಜೀವಿಗಳಿಂದ ಮಾಡಿಸಿಕೊಳ್ಳಬೇಕು. ಅವುಗಳಿಗೆ ಬೆಚ್ಚನೆಯ, ವಿಶಾಲವಾದ ಮನೆಯನ್ನು ಒದಗಿಸಬೇಕು. ಕುದುರೆ ಮೊಲಗಳು ಈ ಮನೆಯನ್ನು ನಾಳದ ಹಿಂಭಾಗದಲ್ಲಿ, ಕುರುಡುಗರುಳನ್ನು ಹಿಗ್ಗಿಸಿ ಕಟ್ಟಿಕೊಂಡವು. ಎತ್ತು, ಎಮ್ಮೆ, ಆಡು, ಕುರಿ, ಚಿಗರಿಗಳು ಅದನ್ನು ಮುಂಭಾಗದಲ್ಲಿ, ಜಠರದಲ್ಲಿಯೇ ಕಟ್ಟಿಕೊಂಡವು. ಎತ್ತಿನ ಹೊಟ್ಟೆಯಲ್ಲಿ ರೂಮೆನ್, ರೆಟಿಕ್ಯುಲಮ್, ಒಮೇಸಮ್, ಅಬೊಮೇಸಮ್ ಎಂಬ ನಾಲ್ಕು ಕೋಣೆಗಳಿದ್ದರೂ ಭ್ರೂಣದಲ್ಲಿ ಅವು ನಾಲ್ಕಾಗಿ ಹುಟ್ಟುವುದಿಲ್ಲ. ನಮ್ಮ ಜಠರವು ಮೊದಲಾಗುವಂತೆಯೇ ಮುಂಗರುಳಿನ ಮೇಲೆ ಕದಿರಿನ ಆಕಾರದ ಒಂದೇ ಉಬ್ಬು ಮೂಡಿ, ಅದರ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಬೆಳೆದು ನಾಲ್ಕಾಗುತ್ತವೆ.

ಈ ಪ್ರಮಾಣಭೇದವು ಹುಟ್ಟಿದ ಮೇಲೆಯೂ ಮುಂದುವರಿಯುವುದನ್ನು ಪ್ರತಿಯೊಬ್ಬ ರೈತನೂ ತನ್ನ ದನದ ಕೊಟ್ಟಿಗೆಯಲ್ಲಿ ಕಾಣಬಹುದು. ಆಗತಾನೆ ಹುಟ್ಟಿದ ಕರುವಿನಲ್ಲಿ ಹಾಲನ್ನು ಜೀರ್ಣಿಸುವ ಅಬೊಮೇಸಮ್ ಒಟ್ಟು ಜಠರದ ಅರ್ಧಕ್ಕಿಂತ ಹೆಚ್ಚಿದ್ದು ರೂಮೆನ್ ಸುಮಾರು ಕಾಲುಭಾಗ ಮಾತ್ರ ಇರುತ್ತದೆ. ಗಿಣ್ಣದ ಹಾಲನ್ನು ಹೀರುವಾಗ ಅನ್ನನಾಳದ ತುದಿಯ ತೋಡು ಮುಚ್ಚಿಕೊಂಡು ಹಾಲು ರೂಮೆನ್ನಿಗೆ ಬೀಳದೆ ನೇರವಾಗಿ ಮುಂದಕ್ಕೆ ಸಾಗುತ್ತದೆ. ಕರು ಹುಲ್ಲನ್ನೂ ಹಿಂಡಿಯನ್ನೂ ಮೂಸಿ ಕಚ್ಚತೊಡಗಿದೊಡನೆ ಸೂಕ್ಷ್ಮಜೀವಿಗಳು ಅಲ್ಲಿ ನೆಲೆಸಿ, ಅವು ಉತ್ಪಾದಿಸುವ ಆಮ್ಲಗಳ ಪ್ರಚೋದನೆಯಿಂದಲೇ ರೂಮೆನ್ನಿನ ಒಳಮೈ ಬೆಳೆದು, ಕೊನೆಗೆ ಅದು ಜಠರದ ಸುಮಾರು ನೂರಕ್ಕೆ 80 ಭಾಗವನ್ನು ಆಕ್ರಮಿಸುತ್ತದೆ. ಆಹಾರವೇ ಅಂಗವನ್ನು ಕಟ್ಟುವ ಪರಿಯಿದು. ಜೋಳದ ಕಣಿಕೆಯನ್ನು ತಿಂದು ಹೊಲ ಉಳುವ ಎತ್ತಿಗೆ ಬಲವನ್ನೀಯುವುದು ಕಣಿಕೆಯ ಸಕ್ಕರೆಯಲ್ಲ. ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಬಿಟ್ಟುಕೊಡುವ ಮೇದಾಮ್ಲಗಳಿಂದ ಅದರ ಶಕ್ತಿಯ ನೂರಕ್ಕೆ 70ರಷ್ಟು ಭಾಗವು ಒದಗುತ್ತದೆ. ಮುಂದೆ ಹರಿದುಹೋಗುವ ಆ ಸೂಕ್ಷ್ಮಜೀವಿಗಳನ್ನೇ ಅಬೊಮೇಸಮ್ ಜೀರ್ಣಿಸಿಕೊಂಡು ಪ್ರೋಟೀನನ್ನು ಗಳಿಸುತ್ತದೆ.

ಇಲ್ಲಿ ಒಂದು ಅಪೂರ್ವವಾದ ಸಂಗತಿಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಬ್ಯಾಕ್ಟೀರಿಯಗಳ ಗೋಡೆಯನ್ನು ಒಡೆಯುವ ಲೈಸೊಜೈಮ್ ಎಂಬ ಕಿಣ್ವವು ನಮ್ಮ ಕಣ್ಣೀರಿನಲ್ಲಿಯೂ ಜೊಲ್ಲಿನಲ್ಲಿಯೂ ರಕ್ಷಣೆಯ ಕೆಲಸವನ್ನು ಮಾಡುತ್ತದೆ. ಎತ್ತಿನ ಜಠರದಲ್ಲಿ ಅದು ಆಮ್ಲವನ್ನು ಸಹಿಸಬಲ್ಲ ಪಚನದ ಕಿಣ್ವವಾಗಿ ಮಾರ್ಪಟ್ಟಿದೆ. ಎಲೆಗಳನ್ನು ತಿಂದು ಬದುಕುವ ನಮ್ಮ ಮುಸಿಯವೂ ಜಠರವನ್ನು ಹಲವು ಚೀಲಗಳಾಗಿ ಹಿಗ್ಗಿಸಿಕೊಂಡು ಅಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡಿರುವ ಪ್ರಾಣಿ. 1987ರಲ್ಲಿ ಕ್ಯಾರೊ-ಬೆತ್ ಸ್ಟೂವರ್ಟ್, ಅಲನ್ ವಿಲ್ಸನ್ ಮತ್ತು ಸಂಗಡಿಗರು ಇದೇ ಮುಸಿಯದ, ಎಂದರೆ ಹನುಮಾನ್ ಲಂಗೂರಿನ, ಜಠರದ ಲೈಸೊಜೈಮನ್ನು ಪರೀಕ್ಷಿಸಿದಾಗ, ಎತ್ತಿನದರಲ್ಲಿ ಆಗಿದ್ದ ಬದಲಾವಣೆಗಳಲ್ಲಿ ಹಲವು ಅದೇ ಸ್ಥಾನಗಳಲ್ಲಿ ಇದರಲ್ಲಿಯೂ ಸ್ವತಂತ್ರವಾಗಿ ಆಗಿರುವುದು ಗೋಚರವಾಯಿತು. ವಂಶದಲ್ಲಿ ಮುಸಿಯವು ನಮಗೆ ಸಮೀಪ, ಎತ್ತಿಗೆ ಬಹುದೂರ. ಜಠರದ ಬಾಳುವೆಯಲ್ಲಿ ಮಾತ್ರ ಅದು ಎತ್ತಿನ ನೆರೆಯನ್ನು ಸೇರಿದೆ. ದೂರದ ಎರಡು ವಂಶಗಳು ಒಂದೇ ಆಹಾರವನ್ನು ಅವಲಂಬಿಸಿದಾಗ ವಿಕಾಸವು ಒಂದೇ ಪರಿಹಾರವನ್ನು ಎರಡು ಬಾರಿ ಕಂಡುಕೊಳ್ಳಬಲ್ಲದು.

ರಾಣೆಬೆನ್ನೂರಿನ ಚಿಗರಿಯು ಮುಖ್ಯವಾಗಿ ಹುಲ್ಲನ್ನು ಮೇಯತಕ್ಕ ಪ್ರಾಣಿ. ಬಯಲಿನಲ್ಲಿ ತೋಳದ ಭಯವಿರುವ ಅದಕ್ಕೆ ಅವಸರದಲ್ಲಿ ಮೇದು, ಸುರಕ್ಷಿತವಾದ ಕಡೆ ನಿಂತು ಮೆಲುಕು ಹಾಕುವ ಅನುಕೂಲವನ್ನು ಈ ಜಠರವು ಕೊಟ್ಟಿದೆ. ಆದರೆ ಗುಜರಾತಿನ ವೇಳಾವದರದಲ್ಲಿ ನಡೆದ ಸಂಶೋಧನೆಯು ನಮಗೆ ಎಚ್ಚರಿಕೆಯನ್ನೂ ಹೇಳುತ್ತದೆ: ನಾವು ಬಳ್ಳಾರಿ ಜಾಲಿಯೆಂದು ಕರೆಯುವ ಪರದೇಶದ ಗಿಡದ ಕಾಯಿಗಳನ್ನು ಚಿಗರಿಗಳು ತಿಂದು, ಬೀಜಗಳನ್ನು ಹಿಕ್ಕೆಯ ಮೂಲಕ ಬಯಲೆಲ್ಲ ಹರಡುತ್ತವೆ. ಹುಲ್ಲು ಕಡಮೆಯಾದ ಕಡೆ ಹುಲ್ಲನ್ನು ಜೀರ್ಣಿಸುವ ಕರುಳೇ ಹುಲ್ಲುಗಾವಲನ್ನು ಮುಳ್ಳುಕಂಟಿಯಾಗಿಸುವ ಸಾಧನವಾಗುತ್ತದೆ.

ಇನ್ನು ಉಪಸಂಹಾರ. ಒಳಪದರದ ಒಂದು ಮಡಿಕೆಯಿಂದ ಹೊರಟ ನಾಳವು ಗೆಂಡೆಯಲ್ಲಿ ಜಠರವನ್ನು ಕಳೆದುಕೊಂಡು ಉದ್ದವಾಯಿತು. ಕಪ್ಪೆಯಲ್ಲಿ ಉದ್ದವನ್ನು ಕಳೆದುಕೊಂಡು ಗಿಡ್ಡವಾಯಿತು. ನವಿಲಿನಲ್ಲಿ ಹಲ್ಲುಗಳ ಕಾರ್ಯವನ್ನು ವಹಿಸಿಕೊಂಡಿತು. ಹೋರಿ, ಚಿಗರಿ, ಮುಸಿಯಗಳಲ್ಲಿ ಸೂಕ್ಷ್ಮಜೀವಿಗಳಿಗೆ ಮನೆಯಾಯಿತು. ಇವುಗಳಲ್ಲಿ ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ಪ್ರತಿಯೊಂದೂ ತನ್ನ ಆಹಾರಕ್ಕೆ ಅಳವಟ್ಟದ್ದು. ಈ ಅರಿವು ಗ್ರಂಥದಲ್ಲಿಯೇ ಉಳಿಯತಕ್ಕದ್ದಲ್ಲ. ಮದುವೆಯ ಮನೆಯಲ್ಲಿ ಮಿಕ್ಕ ಅನ್ನವನ್ನು ದಯೆಯಿಂದಲೇ ದನಗಳ ಮುಂದೆ ರಾಶಿಹಾಕುವವರು, ರೂಮೆನ್ನಿನಲ್ಲಿ ಅದು ಒಮ್ಮೆಲೇ ಹುದುಗಿ ಆಮ್ಲವೇರಿ ಹಸುವಿನ ಪ್ರಾಣಕ್ಕೇ ಎರವಾಗಬಹುದೆಂಬುದನ್ನು ತಿಳಿಯಬೇಕು. ಪ್ಲಾಸ್ಟಿಕ್ಕಿನ ಚೀಲವನ್ನೂ ತಂತಿಯ ಚೂರನ್ನೂ ಬೀದಿಗೆಸೆಯುವವರು, ನುಂಗಿದ ಲೋಹವು ರೆಟಿಕ್ಯುಲಮಿನಲ್ಲಿ ನಿಂತು ಅದರ ಪಕ್ಕದಲ್ಲಿರುವ ಹೃದಯವನ್ನು ಚುಚ್ಚಬಲ್ಲದೆಂಬುದನ್ನು ನೆನೆಯಬೇಕು. ಮುಸಿಯಕ್ಕೆ ಬಿಸ್ಕತ್ತನ್ನು ನೀಡುವ ಭಕ್ತರು ಅದರ ಜಠರವು ಎಲೆಗಾಗಿ ಮೈದಳೆದುದೆಂಬುದನ್ನು ಮನಗಾಣಬೇಕು. ಚಿಗರಿಯನ್ನು ಉಳಿಸುವುದೆಂದರೆ ಅದರ ಹುಲ್ಲನ್ನು ಉಳಿಸುವುದೆಂದೇ ಅರ್ಥ.

ಅಧ್ಯಾಪಕ ಮಿತ್ರರಲ್ಲಿ ನನ್ನ ಕೊನೆಯ ಬಿನ್ನಹ. ಮಳೆಗಾಲದಲ್ಲಿ ಒಂದು ಗಾಜಿನ ಪಾತ್ರೆಯಲ್ಲಿ ಹೊಂಡದ ನೀರನ್ನೂ ಪಾಚಿಯನ್ನೂ ಕೆಲವು ಗೊದಮೊಟ್ಟೆಗಳನ್ನೂ ತರಗತಿಯಲ್ಲಿರಿಸಿ, ಅವುಗಳ ಹೊಟ್ಟೆಯ ಸುರುಳಿಯನ್ನು ಮಕ್ಕಳು ಪ್ರತಿವಾರ ನೋಡಿ ಚಿತ್ರ ಬರೆಯಲಿ. ಕಪ್ಪೆಗಳಾದ ಬಳಿಕ ಅವುಗಳನ್ನು ಆ ಹೊಂಡಕ್ಕೇ ಮರಳಿ ಬಿಡಲಿ. ಇದಕ್ಕೆ ವೆಚ್ಚವಿಲ್ಲ, ಯಂತ್ರವಿಲ್ಲ. ಬೇಕಾದುದು ತಾಳ್ಮೆ ಮಾತ್ರ. ವೋಲ್ಫನು ಕೋಳಿಯ ಮೊಟ್ಟೆಯಲ್ಲಿ ತೋರಿದ ಆ ತಾಳ್ಮೆಯು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶಾಲೆಗಳಲ್ಲಿಯೂ ಬೇರೂರಿದರೆ, ತಮ್ಮ ಸುತ್ತಣ ಪ್ರಾಣಿಗಳನ್ನು ಅರಿತು ಪಾಲಿಸುವ ಒಂದು ತಲೆಮಾರು ಈ ಜಿಲ್ಲೆಯಲ್ಲಿ ಬೆಳೆಯುವುದೆಂದು ನಾನು ಹೃತ್ಪೂರ್ವಕವಾಗಿ ನಂಬಿದ್ದೇನೆ.